‘ಎಂಪವರ್’ ಅಂದರೆ ಅಧಿಕಾರವೋ, ಬಲವೋ?

ಎರಡು ಇಂಗ್ಲಿಷ್ ವಾಕ್ಯ ನೋಡಿ. ‘ದಿ ತಹಶೀಲ್ದಾರ್ ಈಸ್ ಎಂಪವರ್ಡ್ ಟು ಇನ್‌ಸ್ಪೆಕ್ಟ್ ದಿ ಗೋಡೌನ್.’ ‘ಎಜುಕೇಶನ್ ಎಂಪವರ್ಸ್ ವಿಮೆನ್.’ ಕ್ರಿಯಾಪದ ಒಂದೇ. ಮೊದಲನೆಯದು ಕನ್ನಡಕ್ಕೆ ಬಂದರೆ ‘ತಹಶೀಲ್ದಾರರಿಗೆ ಗೋದಾಮು ತಪಾಸಣೆ ಮಾಡುವ ಅಧಿಕಾರವಿದೆ’ ಎಂದಾಗುತ್ತದೆ. ಎರಡನೆಯದು ‘ಓದಿನಿಂದ ಹೆಣ್ಣುಮಕ್ಕಳಿಗೆ ಬಲ ಬರುತ್ತದೆ’ ಎಂದು. ಅದಲುಬದಲು ಮಾಡಿದರೆ ಎರಡೂ ಕೆಡುತ್ತವೆ. ‘ತಹಶೀಲ್ದಾರರನ್ನು ಸಬಲೀಕರಣಗೊಳಿಸಲಾಗಿದೆ’ ಎಂದು ಓದಿದವರಿಗೆ, ಪಾಪ, ಸಾಹೇಬರು ಇಷ್ಟು ದಿನ ಹಾಸಿಗೆ ಹಿಡಿದಿದ್ದರೇನೋ ಅನ್ನಿಸುತ್ತದೆ. ‘ಶಿಕ್ಷಣವು ಮಹಿಳೆಯರಿಗೆ ಅಧಿಕಾರ ನೀಡುತ್ತದೆ’ ಎಂದರೆ ಪದವಿ ಪ್ರಮಾಣಪತ್ರದ ಜೊತೆಗೆ ಯಾವುದೋ ಹುದ್ದೆಯ ಆದೇಶವೂ ಬಂತೇ ಎಂದು ಕೇಳಬೇಕಾಗುತ್ತದೆ.

ಇಂಗ್ಲಿಷ್ ಒಂದೇ ಪದದ ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ಎರಡು ಸಂಗತಿಗಳಿಗೆ ಕನ್ನಡದಲ್ಲಿ ಮೊದಲಿನಿಂದಲೂ ಎರಡು ಹೆಸರಿವೆ. ಹಾಗಾಗಿ ಈ ಪದ ಎದುರಾದಾಗ ನಿಘಂಟು ತೆಗೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಕೊಟ್ಟವರು ಯಾರು? ಕೊಟ್ಟದ್ದನ್ನು ಅವರು ವಾಪಸು ಪಡೆಯಬಹುದೇ? ಒಂದು ಕಲಮು, ಒಂದು ಸರ್ಕಾರಿ ಆದೇಶ, ಒಂದು ಸಭೆಯ ನಿರ್ಣಯ ಅಥವಾ ಒಂದು ಛಾಪಾ ಕಾಗದವನ್ನು ಬೆರಳಿಟ್ಟು ತೋರಿಸಬಹುದಾದರೆ ಅದು ಅಧಿಕಾರ. ಹಾಗೆ ತೋರಿಸಲು ಏನೂ ಇಲ್ಲದೆ, ಬಂದದ್ದು ಆ ಮನುಷ್ಯರ ಒಳಗೇ ಉಳಿಯುವಂಥದ್ದಾದರೆ ಅದು ಬಲ. ಕಲಿತ ಓದನ್ನು ಯಾವ ಸುತ್ತೋಲೆಯೂ ಹಿಂಪಡೆಯಲಾರದು. ಕೊಟ್ಟ ಜಿಪಿಎಯನ್ನು, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಟ್ಟ ಅಧಿಕಾರಪತ್ರವನ್ನು, ಸಾಮಾನ್ಯವಾಗಿ ನಾಳೆಯೇ ರದ್ದು ಮಾಡಬಹುದು.

ಪದದ ಹುಟ್ಟಿನಲ್ಲೇ ಈ ಇಬ್ಬಗೆ ಇದೆ. ‘ಪವರ್’ ಹಳೆಯ ಫ್ರೆಂಚ್ ದಾರಿಯಲ್ಲಿ ಬಂದದ್ದು. ಅದರ ಲ್ಯಾಟಿನ್ ಮೂಲಕ್ಕೆ ‘ಮಾಡಲು ಆಗು, ಸಾಧ್ಯವಾಗು’ ಎಂಬ ಅರ್ಥ. ಅದರ ಮುಂದೆ ಸೇರಿದ ‘ಎನ್’ ಪೂರ್ವಪ್ರತ್ಯಯ ‘ಎನೇಬಲ್’, ‘ಎನ್‌ರಿಚ್’ ಪದಗಳಲ್ಲಿರುವುದೇ. ‘ಪ’ ಮತ್ತು ‘ಬ’ ಮುಂದೆ ಬಂದಾಗ ಅದು ‘ಎಮ್’ ಆಗುತ್ತದೆ. ‘ಸಂತೋಷ’ದಲ್ಲಿ ನಕಾರದಂತೆ ಕೇಳುವ ಸೊನ್ನೆ ‘ಸಂಪೂರ್ಣ’ದಲ್ಲಿ ಮಕಾರದಂತೆ ಕೇಳುವುದಿಲ್ಲವೇ, ಅದೇ ಲೆಕ್ಕ. 17ನೇ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಂಡ ಕಾಲಕ್ಕೆ ಇದರ ಮುಖ್ಯ ಅರ್ಥ ಕಾನೂನಿನದೇ: ಒಬ್ಬರಿಗೆ ಅಧಿಕೃತವಾಗಿ ಅಧಿಕಾರ ವಹಿಸಿಕೊಡುವುದು. ಹಳೆಯ ದಾಖಲೆಗಳಲ್ಲಿ ‘ಇಂಪವರ್’ ಎಂಬ ಕಾಗುಣಿತವೂ ಸಿಗುತ್ತದೆ. ಇಂದು ಭಾಷಣಗಳಲ್ಲಿ ಕೇಳುವ ಸಾಮಾಜಿಕ ಅರ್ಥ 1970ರ ದಶಕದ ಅಮೆರಿಕದಲ್ಲಿ ಬಲಿತದ್ದು. 1976ರಲ್ಲಿ ಬಾರ್ಬರಾ ಸಾಲೊಮನ್ ಅವರು ಕಪ್ಪು ಸಮುದಾಯಗಳ ನಡುವಿನ ಸಮಾಜಕಾರ್ಯದ ಬಗ್ಗೆ ಬರೆಯುತ್ತ ಇದನ್ನು ನೆಲೆಗೊಳಿಸಿದರು. ಆಮೇಲೆ ಮಹಿಳಾ ಚಳವಳಿ, ಅಭಿವೃದ್ಧಿ ಯೋಜನೆಗಳು, ಕೊನೆಗೆ ಕಂಪನಿಗಳ ಎಚ್‌ಆರ್ ವಿಭಾಗ ಎಲ್ಲವೂ ಪದವನ್ನು ಎತ್ತಿಕೊಂಡವು.

ವಾಕ್ಯರಚನೆಗೆ ಬರೋಣ. ಕನ್ನಡಿಗರು ಇಂಗ್ಲಿಷ್ ಬರೆಯುವಾಗ ಇಲ್ಲಿ ಎಡವುವುದಕ್ಕೆ ಕಾರಣ ನಮ್ಮ ವಿಭಕ್ತಿ. ನಾವು ಅಧಿಕಾರವನ್ನು ಯಾರಿಗೋ ‘ಗೆ’ ಹಚ್ಚಿ ಕೊಡುತ್ತೇವೆ: ಮಹಿಳೆಯರಿಗೆ, ಅಧಿಕಾರಿಗೆ, ಸಮಿತಿಗೆ. ಆ ‘ಗೆ’ ಇಂಗ್ಲಿಷಿಗೆ ಹೋಗುವಾಗ ‘ಟು’ ಆಗಿ ‘ಎಂಪವರ್ ಟು ವಿಮೆನ್’ ಎಂಬ ತಪ್ಪು ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಅಧಿಕಾರ ಪಡೆಯುವವರು ನೇರ ಕರ್ಮ. ಕ್ರಿಯಾಪದದ ಪಕ್ಕದಲ್ಲೇ, ನಡುವೆ ಏನೂ ಇಲ್ಲದೆ ನಿಲ್ಲುತ್ತಾರೆ. ‘ಟು’ ಬರುವುದು ಆಮೇಲೆ, ಅವರು ಮಾಡಬಹುದಾದ ಕೆಲಸದ ಮುಂದೆ. ‘ದಿ ಆ್ಯಕ್ಟ್ ಎಂಪವರ್ಸ್ ದಿ ಕಮಿಟಿ ಟು ಕಾಲ್ ವಿಟ್ನೆಸಸ್.’ ಈ ಚೌಕಟ್ಟಿನಲ್ಲಿ ‘ದಿ ಕಮಿಟಿ’ ಬಿಟ್ಟರೂ ತಪ್ಪೇ. ‘ಸಾಕ್ಷಿಗಳನ್ನು ಕರೆಯಲು ಕಾಯ್ದೆ ಅಧಿಕಾರ ಕೊಡುತ್ತದೆ’ ಎಂದು ಕನ್ನಡದಲ್ಲಿ ಯಾರಿಗೆ ಅನ್ನುವುದನ್ನು ನುಂಗಿಕೊಳ್ಳಬಹುದು. ಇಂಗ್ಲಿಷಿನ ಈ ಕ್ರಿಯಾಪದ ಅದಕ್ಕೆ ಒಪ್ಪುವುದಿಲ್ಲ. ‘ಎಂಪವರ್ಡ್ ಫಾರ್ ಕಾಲಿಂಗ್’ ಎಂಬುದೂ ಸಲ್ಲದು.

ಕಾನೂನಿನ ಬರವಣಿಗೆಯಲ್ಲಿ ಹೆಚ್ಚಾಗಿ ಸಿಗುವುದು ಕರ್ಮಣಿ ರೂಪ. ಮೂಲ ಕಾಯ್ದೆಯಾದರೆ ‘ಎಂಪವರ್ಡ್ ಬೈ ದಿ ಆ್ಯಕ್ಟ್’, ಕಲಮು ಹೇಳುವುದಾದರೆ ‘ಎಂಪವರ್ಡ್ ಅಂಡರ್ ಸೆಕ್ಷನ್ 41’. ‘ವಿತ್’ ಬರುವುದು ಎರಡನೇ ಅರ್ಥದಲ್ಲಿ: ಮಾಹಿತಿಯಿಂದ, ಕೌಶಲದಿಂದ ಬಲ ಬಂತು ಎನ್ನುವಾಗ. ಇನ್ನು ‘ವಿಮೆನ್ ಎಂಪವರ್ ಪ್ರೋಗ್ರಾಂ’ ಎಂಬ ಬ್ಯಾನರುಗಳು. ‘ಎಂಪವರ್’ ನಾಮಪದವಲ್ಲ, ‘ಎಂಪವರ್‌ಮೆಂಟ್’ ಬೇಕು.

ಇದರ ನೆಂಟರಿಷ್ಟರನ್ನೂ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾನೂನು ಇವರನ್ನು ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸುವುದಿಲ್ಲ. ನಮ್ಮ ಸಂವಿಧಾನವೇ ಒಳ್ಳೆಯ ಪಾಠಪುಸ್ತಕ. 53ನೇ ವಿಧಿಯಲ್ಲಿ ಒಕ್ಕೂಟದ ಕಾರ್ಯಾಂಗ ಅಧಿಕಾರ ರಾಷ್ಟ್ರಪತಿಯವರಲ್ಲಿ ‘ವೆಸ್ಟ್’ ಆಗಿದೆ, ಅಂದರೆ ನಿಹಿತವಾಗಿದೆ. ಅದು ಹುದ್ದೆಯಲ್ಲೇ ನೆಲೆಸಿರುವ ಅಧಿಕಾರ. 32ನೇ ವಿಧಿಯ 3ನೇ ಖಂಡದಲ್ಲಿ ನಮ್ಮ ಪದವೇ ಇದೆ: ಸುಪ್ರೀಂ ಕೋರ್ಟು ಮೂಲಭೂತ ಹಕ್ಕುಗಳ ರಕ್ಷಣೆಗೆ ಬಳಸುವ ಅಧಿಕಾರಗಳನ್ನು ಬೇರೆ ಯಾವುದೇ ನ್ಯಾಯಾಲಯ ತನ್ನ ವ್ಯಾಪ್ತಿಯೊಳಗೆ ಚಲಾಯಿಸುವಂತೆ ಸಂಸತ್ತು ಕಾನೂನಿನ ಮೂಲಕ ‘ಎಂಪವರ್’ ಮಾಡಬಹುದು. 258ನೇ ವಿಧಿಯಲ್ಲಿ ಕೇಂದ್ರದ ಕೆಲಸಗಳನ್ನು ರಾಷ್ಟ್ರಪತಿಯವರು ರಾಜ್ಯಕ್ಕೆ ‘ಎನ್‌ಟ್ರಸ್ಟ್’ ಮಾಡಬಹುದು, ಅಂದರೆ ವಹಿಸಬಹುದು. ಪಂಚಾಯಿತಿಗಳ ಕುರಿತ 40ನೇ ಮತ್ತು 243ಜಿ ವಿಧಿಗಳಲ್ಲಿ ‘ಎಂಡೌ’ ಮತ್ತು ‘ಎನೇಬಲ್’ ಜೋಡಿಯಾಗಿವೆ: ಸ್ವಯಮಾಡಳಿತದ ಸಂಸ್ಥೆಗಳಾಗಿ ಕೆಲಸ ಮಾಡಲು ಶಕ್ತವಾಗುವಂತೆ ಬೇಕಾದ ಅಧಿಕಾರಗಳನ್ನು ಅವಕ್ಕೆ ದಯಪಾಲಿಸಬೇಕು ಎನ್ನುತ್ತದೆ ಮೊದಲನೆಯದು, ದಯಪಾಲಿಸಬಹುದು ಎನ್ನುತ್ತದೆ ಎರಡನೆಯದು. ಅಧಿಕಾರ ಬೇರೆ, ಶಕ್ತವಾಗುವುದು ಬೇರೆ ಎಂಬುದನ್ನು ಒಂದೇ ವಾಕ್ಯದೊಳಗೆ ಎರಡು ಕ್ರಿಯಾಪದದಿಂದ ಬಿಡಿಸಿ ಹೇಳಿದ ಬಗೆ ಇದು. ‘ಡೆಲಿಗೇಟ್’ ಎಂದರೆ ತನಗಿರುವುದನ್ನು ಕೆಳಗಿನವರಿಗೆ ಹಂಚುವುದು. ನಮ್ಮ ಸರ್ಕಾರಿ ಕನ್ನಡದಲ್ಲಿ ಅದು ಪ್ರತ್ಯಾಯೋಜನೆ. ಬಾಯಿ ಹೊರಳದ ಪದ, ಆದರೆ ಆದೇಶಗಳಲ್ಲಿ ಬೇರೂರಿದೆ.

‘ಎಂಪವರ್’ ಮತ್ತು ‘ಆಥರೈಸ್’ ನಡುವಿನ ಗೆರೆ ಎಷ್ಟು ಗಟ್ಟಿ ಎಂದು ತಿಳಿಯಲು ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 41ನೇ ಕಲಮಿನ 2ನೇ ಉಪಕಲಮನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಎರಡು ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಲ್ಲಿ ಸರ್ಕಾರ ಸಾಮಾನ್ಯ ಅಥವಾ ವಿಶೇಷ ಆದೇಶದ ಮೂಲಕ ಗೆಜೆಟೆಡ್ ದರ್ಜೆಯ ಅಧಿಕಾರಿಯನ್ನು ‘ಎಂಪವರ್’ ಮಾಡುತ್ತದೆ. ಅಪರಾಧ ನಡೆದಿದೆ ಎಂದು ನಂಬಲು ತನ್ನ ಸ್ವಂತ ತಿಳಿವಳಿಕೆಯಿಂದ, ಅಥವಾ ಯಾರೋ ಕೊಟ್ಟು ಬರಹಕ್ಕಿಳಿಸಿದ ಮಾಹಿತಿಯಿಂದ ಕಾರಣವಿದ್ದರೆ, ಆ ಅಧಿಕಾರಿ ತನ್ನ ಕೈಕೆಳಗಿನವರನ್ನು ಬಂಧನಕ್ಕೋ ಶೋಧಕ್ಕೋ ‘ಆಥರೈಸ್’ ಮಾಡಬಹುದು, ಇಲ್ಲವೇ ತಾನೇ ಹೋಗಬಹುದು. ಹಾಗೆ ಹೋಗುವ ಕೈಕೆಳಗಿನವರು ಜವಾನ, ಸಿಪಾಯಿ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯವರಾಗಿರಬೇಕು. ಅಂದರೆ ‘ಎಂಪವರ್’ ಒಂದು ಹುದ್ದೆಗೆ ನಿಂತ ಅಧಿಕಾರ ಕೊಡುವ ಕ್ರಿಯೆ. ‘ಆಥರೈಸ್’ ಒಂದು ನಿರ್ದಿಷ್ಟ ಕೆಲಸಕ್ಕೆ ಅನುಮತಿ ಕೊಟ್ಟು ಕಳಿಸುವ ಕ್ರಿಯೆ. ಕನ್ನಡದಲ್ಲಿ ಎರಡನ್ನೂ ‘ಅಧಿಕಾರ ನೀಡು’ ಎಂದು ಅನುವಾದಿಸಿದರೆ ಮೆಟ್ಟಿಲುಗಳೇ ಮಾಯ. ಮೊದಲನೆಯದಕ್ಕೆ ‘ಅಧಿಕಾರ ನೀಡು’, ಎರಡನೆಯದಕ್ಕೆ ‘ಅಧಿಕೃತವಾಗಿ ನಿಯೋಜಿಸು’ ಎಂದು ಬೇರೆಬೇರೆ ಪದ ಹಿಡಿದರೆ ಓದುಗ ಬದುಕಿದ. ಇದು ಬರೀ ಪದಚರ್ಚೆ ಅಂದುಕೊಳ್ಳಬೇಡಿ. 1994ರಲ್ಲಿ ಪಂಜಾಬ್ ರಾಜ್ಯ ಮತ್ತು ಬಲ್ಬೀರ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೈಕೆಳಗಿನವರಿಗೆ ಹೀಗೆ ಅನುಮತಿ ಕೊಡುವುದು ಎಂಪವರ್ ಆದ ಅಧಿಕಾರಿಯಿಂದ ಮಾತ್ರ ಸಾಧ್ಯ, ಅದನ್ನು ಮೀರಿ ಬಂಧನ ಅಥವಾ ಶೋಧ ನಡೆದರೆ ಅಪರಾಧಿ ಎಂಬ ತೀರ್ಪೇ ದೂಷಿತವಾಗುತ್ತದೆ ಎಂದು ಹೇಳಿತು.

ಅಧಿಕಾರವಿಲ್ಲದೆ ಮಾಡಿದ್ದೆಲ್ಲ ಬಿದ್ದೇಹೋಗುತ್ತದೆ ಎಂದೂ ಇಲ್ಲ. ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆಯಲ್ಲಿ ಇದಕ್ಕೆ ಎರಡು ಪಟ್ಟಿಗಳಿವೆ. ಹಳೆಯ ಸಿಆರ್‌ಪಿಸಿಯಲ್ಲಿ 460 ಮತ್ತು 461, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 506 ಮತ್ತು 507. ಎಂಪವರ್ ಆಗಿರದ ಮ್ಯಾಜಿಸ್ಟ್ರೇಟ್ ತಪ್ಪು ತಿಳಿದು, ಸದ್ಭಾವನೆಯಿಂದ ಒಂದು ಸರ್ಚ್ ವಾರೆಂಟ್ ಹೊರಡಿಸಿದರು ಎನ್ನಿ. ಅಧಿಕಾರವಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ರದ್ದಾಗುವುದಿಲ್ಲ. ಅದೇ ಮ್ಯಾಜಿಸ್ಟ್ರೇಟ್ ಅಧಿಕಾರವಿಲ್ಲದೆ ಆರೋಪಿಯ ವಿಚಾರಣೆಯನ್ನೇ ನಡೆಸಿದರೆ ಆ ನಡವಳಿಯೇ ಶೂನ್ಯ. ಮೊದಲನೆಯದು ಸರಿಪಡಿಸಬಹುದಾದ ಲೋಪ, ಎರಡನೆಯದು ಬುಡವೇ ಇಲ್ಲದ ಕೆಲಸ.

ಅಧಿಕಾರವಿದೆ ಎಂದರೆ ಮಾಡಲೇಬೇಕು ಎಂದೇ? ಸಾಮಾನ್ಯವಾಗಿ ಅಲ್ಲ. ‘ಈಸ್ ಎಂಪವರ್ಡ್ ಟು’ ಎಂಬುದರ ಕನ್ನಡ ‘ಮಾಡಬಹುದು’. ಅದನ್ನು ‘ಮಾಡತಕ್ಕದ್ದು’ ಎಂದು ಬರೆದರೆ ಇಲ್ಲದ ಕರ್ತವ್ಯವನ್ನು ಅನುವಾದಕನೇ ಹೊರಿಸಿದಂತೆ. ಆದರೂ ಇಲ್ಲೊಂದು ತಿರುವಿದೆ. ಬಿಷಪ್ ಆಫ್ ಆಕ್ಸ್‌ಫರ್ಡ್ ಪ್ರತಿವಾದಿಯಾಗಿದ್ದ 1880ರ ಜೂಲಿಯಸ್ ಪ್ರಕರಣದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಚರ್ಚಿಸಿದ್ದು ಇದನ್ನೇ: ಅಧಿಕಾರ ಕೊಟ್ಟ ಉದ್ದೇಶವೇ ಯಾರದೋ ಹಕ್ಕನ್ನು ಈಡೇರಿಸುವುದಾಗಿದ್ದರೆ, ಸಂದರ್ಭ ಬಂದಾಗ ಆ ‘ಬಹುದು’ ಬೆನ್ನಿಗೆ ಒಂದು ಕರ್ತವ್ಯವನ್ನೂ ಕಟ್ಟಿಕೊಂಡು ಬರಬಹುದು. ನಮ್ಮ ನ್ಯಾಯಾಲಯಗಳೂ ಇದನ್ನು ಎತ್ತಿಹೇಳುತ್ತವೆ. ಅನುವಾದಕನ ಕೆಲಸ ‘ಬಹುದು’ ಎಂದು ಬರೆದು ನಿಲ್ಲುವುದು, ಉಳಿದದ್ದು ನ್ಯಾಯಾಧೀಶರಿಗೆ.

‘ಎಂಪವರ್ಡ್’ ವಿಶೇಷಣವಾಗಿ ಬಂದಾಗ ಕನ್ನಡ ಪತ್ರಿಕೆಗಳು ತೋರಿಸಿದ ಜಾಣತನವನ್ನು ಮೆಚ್ಚಲೇಬೇಕು. ಅರಣ್ಯ ಪ್ರಕರಣಗಳಿಗಾಗಿ ಸುಪ್ರೀಂ ಕೋರ್ಟ್ 2002ರಲ್ಲಿ ರಚಿಸಿದ ‘ಸೆಂಟ್ರಲ್ ಎಂಪವರ್ಡ್ ಕಮಿಟಿ’ 2011ರಲ್ಲಿ ಬಳ್ಳಾರಿಯ ಗಣಿಗಳನ್ನು ಪರಿಶೀಲಿಸಿದಾಗ ಅದರ ಹೆಸರು ನಮ್ಮಲ್ಲಿ ದಿನವೂ ಅಚ್ಚಾಗುತ್ತಿತ್ತು. ‘ಸಬಲೀಕೃತ ಸಮಿತಿ’ ಎಂಬ ಮಾತೇ ಬರಲಿಲ್ಲ. ಅದು ‘ಉನ್ನತಾಧಿಕಾರ ಸಮಿತಿ’ ಆಯಿತು. ದೆಹಲಿಯಲ್ಲಿ ಸಚಿವರ ಗುಂಪು ಮತ್ತು ‘ಎಂಪವರ್ಡ್’ ಸಚಿವರ ಗುಂಪು ಎಂಬ ಎರಡು ಬಗೆ ಇದ್ದವು. ಮೊದಲನೆಯದು ಶಿಫಾರಸು ಮಾಡಿ ಸಂಪುಟದ ಮುಂದಿಡುತ್ತಿತ್ತು. ಎರಡನೆಯದು ಸಂಪುಟ ಕೊಟ್ಟ ಅಧಿಕಾರದಿಂದ ತಾನೇ ತೀರ್ಮಾನ ಮಾಡಿಬಿಡುತ್ತಿತ್ತು. 2014ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದು ಅಂಥ 9 ಎಂಪವರ್ಡ್ ಗುಂಪುಗಳನ್ನೂ 21 ಸಾದಾ ಗುಂಪುಗಳನ್ನೂ ಒಟ್ಟಿಗೆ ರದ್ದು ಮಾಡಿತು. ಕೊಟ್ಟವರು ಹಿಂಪಡೆಯಬಹುದೇ ಎಂಬ ನಮ್ಮ ಎರಡನೇ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕಿಲ್ಲ.

ಸಾಮಾನ್ಯ ಮನೆಯೊಳಗೆ ಈ ಕ್ರಿಯಾಪದ ಕಾಲಿಡುವುದು ಜಿಪಿಎ ರೂಪದಲ್ಲಿ. 1882ರ ಪವರ್ಸ್ ಆಫ್ ಅಟಾರ್ನಿ ಕಾಯ್ದೆಯ 1ಎ ಕಲಮಿನ ವ್ಯಾಖ್ಯೆಯಲ್ಲಿ ಇರುವುದೇ ‘ಎಂಪವರಿಂಗ್’ ಎಂಬ ಪದ: ಬರೆದುಕೊಟ್ಟವರ ಪರವಾಗಿ, ಅವರ ಹೆಸರಿನಲ್ಲಿ ವ್ಯವಹರಿಸಲು ನಿರ್ದಿಷ್ಟ ವ್ಯಕ್ತಿಗೆ ಅಧಿಕಾರ ಕೊಡುವ ಪತ್ರ. ಅಮೆರಿಕದಲ್ಲಿರುವ ಮಗ ಹುಬ್ಬಳ್ಳಿಯ ಸೈಟಿನ ವಿಷಯಕ್ಕೆ ಅಪ್ಪನಿಗೆ ಜಿಪಿಎ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಮಾದರಿ ಇಂಗ್ಲಿಷಿನಲ್ಲಿ ಸಿಕ್ಕಿತು, ಅದರಲ್ಲಿ ‘ಟು ಮ್ಯಾನೇಜ್’ ಎಂದಿದೆ. ಅಪ್ಪ ಅದರ ಬಲದಲ್ಲಿ ಕಂದಾಯ ಕಟ್ಟಬಹುದು, ಬೇಲಿ ಹಾಕಿಸಬಹುದು. ಮಾರುವಂತಿಲ್ಲ. ನ್ಯಾಯಾಲಯಗಳು ಈ ಪತ್ರವನ್ನು ಬಿಗಿಯಾಗಿ ಓದುತ್ತವೆ. ಬರೆದಿರುವ ‘ಟು’ಗಳ ಆಚೆ ಅಧಿಕಾರ ಹಬ್ಬುವುದಿಲ್ಲ. ಕೊನೆಯಲ್ಲಿ ‘ಮತ್ತು ಅಗತ್ಯವಾದ ಇತರ ಎಲ್ಲ ಕೆಲಸ ಮಾಡಲು’ ಎಂಬ ಸಾಲಿದ್ದರೂ, ಅದು ಮೇಲೆ ಹೇಳಿದ ಕೆಲಸಗಳಿಗೆ ಪೂರಕವಾದವುಗಳಿಗಷ್ಟೇ ಅನ್ವಯ. ಮಾರುವ ಅಧಿಕಾರದಲ್ಲಿ ದಾನ ಕೊಡುವ ಅಧಿಕಾರ ಸೇರುವುದಿಲ್ಲ. ಆದ್ದರಿಂದ ಮಾರಲು, ಹಣ ಪಡೆದು ರಸೀದಿ ಕೊಡಲು, ಕ್ರಯಪತ್ರಕ್ಕೆ ಸಹಿ ಹಾಕಲು, ಸಬ್‌ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸಲು, ಬೇಕಿದ್ದರೆ ವಕೀಲರನ್ನು ನೇಮಿಸಲು ಎಂದು ಒಂದೊಂದನ್ನೂ ಬಿಡಿಸಿ ಬರೆಯಬೇಕು. ಸರ್ವೆ ನಂಬರು ಅಥವಾ ಸೈಟ್ ನಂಬರು, ಚಕ್ಕುಬಂದಿ ಅದರಲ್ಲೇ ಇರಲಿ.

ಪರದೇಶದಲ್ಲಿ ಬರೆದ ಜಿಪಿಎಗೆ ಅಲ್ಲಿನ ನೋಟರಿಯ ಅಥವಾ ಭಾರತೀಯ ದೂತಾವಾಸದ ಎದುರು ಸಹಿಯಾಗಬೇಕು. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತುಂಬಿಸಬೇಕು. ಮರೆತು ನಾಲ್ಕನೇ ತಿಂಗಳು ಓಡಾಡುವವರೇ ಹೆಚ್ಚು. ಇನ್ನು, ಬರೆದುಕೊಟ್ಟವರು ತೀರಿಕೊಂಡರೆ ಕರಾರು ಕಾಯ್ದೆಯ 201ನೇ ಕಲಮಿನಂತೆ ಅಧಿಕಾರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಬಹಳ ಜನ ನಂಬಿರುವಂತೆ ‘ಜಿಪಿಎ ಮೇಲೆ ಕೊಂಡ ಸೈಟು’ ಮಾಲೀಕತ್ವ ಕೊಡುವುದೂ ಇಲ್ಲ. 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಕ್ರಿಯಾಪದವನ್ನು ಸರಿಯಾಗಿ ಓದಿದ್ದರೆ ಆ ಭ್ರಮೆ ಹುಟ್ಟುತ್ತಲೇ ಇರಲಿಲ್ಲ: ‘ಎಂಪವರ್’ ಎಂದರೆ ನನ್ನ ಹೆಸರಿನಲ್ಲಿ ಮಾಡು ಎನ್ನುವುದು, ನಿನ್ನದಾಗಿಸಿಕೋ ಎನ್ನುವುದಲ್ಲ.

ಈಗ ಎರಡನೇ ಅರ್ಥ, ಅಂದರೆ ಸಬಲೀಕರಣ. ‘ಅಬಲೆ’ಗೆ ಎದುರಾಗಿ ‘ಸಬಲೆ’ ಎಂಬ ಪದ ಇದ್ದುದರಿಂದ ಇದು ನಮ್ಮ ಕಿವಿಗೆ ಬೇಗ ಒಗ್ಗಿತು. ಪದದ ಒಳಗೆ ಒಂದು ಸ್ವಾರಸ್ಯವಿದೆ. ‘ಸಬಲ’ದ ಕೊನೆಯ ಅಕಾರ ‘ಸಬಲೀ’ ಎಂದು ದೀರ್ಘ ಈಕಾರವಾಗುವುದು ಸಂಸ್ಕೃತದ ಚ್ವಿ ಪ್ರತ್ಯಯದಿಂದ. ಮೊದಲು ಹಾಗಿರಲಿಲ್ಲ, ಈಗ ಹಾಗಾಯಿತು ಎಂಬುದು ಅದರ ಅರ್ಥ. ಏಕವಾಗಿರದ ಕನ್ನಡ ನಾಡು ಒಂದಾದದ್ದು ಏಕೀಕರಣ. ಹಾಗೆಯೇ ಬಲವಿರದವರಿಗೆ ಬಲ ತರುವುದು ಸಬಲೀಕರಣ. ‘ಮೊದಲು ಬಲವೇ ಇರಲಿಲ್ಲ ಎಂದು ಹೇಳಲು ನೀವು ಯಾರು?’ ಎಂಬ ಸ್ತ್ರೀವಾದಿಗಳ ಆಕ್ಷೇಪ ಇಂಗ್ಲಿಷಿನಲ್ಲಿ ವಾದ ಮಾಡಿ ತೋರಿಸಬೇಕಾದದ್ದು. ಕನ್ನಡದಲ್ಲಿ ಆ ದೀರ್ಘವೇ ಗುಟ್ಟು ಬಿಟ್ಟುಕೊಡುತ್ತದೆ. ಇನ್ನೊಂದು ಮಾತು: ‘ಕರಣ’ದಲ್ಲೇ ‘ಮಾಡುವುದು’ ಇದೆ. ಅದಕ್ಕೆ ಮತ್ತೆ ‘ಗೊಳಿಸು’ ಅಂಟಿಸಿ ‘ಸಬಲೀಕರಣಗೊಳಿಸು’ ಎನ್ನುವುದು ಅಂಗಿಯ ಮೇಲೆ ಅಂಗಿ. ‘ಸಬಲಗೊಳಿಸು’ ಸಾಕು.

ಸರ್ಕಾರಿ ಹೆಸರುಗಳಲ್ಲಿ ಪದ ಹೇಗೆ ಏರಿತು ನೋಡಿ. ಕೇಂದ್ರದ ಕಲ್ಯಾಣ ಸಚಿವಾಲಯ 1998ರಲ್ಲಿ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವಾಯಿತು. 2001ನ್ನು ಮಹಿಳಾ ಸಬಲೀಕರಣ ವರ್ಷವೆಂದು ಸಾರಿ, ಅದೇ ವರ್ಷ ರಾಷ್ಟ್ರೀಯ ನೀತಿಯೂ ಬಂತು. ನಮ್ಮ ರಾಜ್ಯದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೇ ಇದೆ. ಅದೇ ಕೇಂದ್ರ ಸಚಿವಾಲಯದ ಹಿಂದಿ ಹೆಸರಿನಲ್ಲಿರುವುದು ‘ಅಧಿಕಾರಿತಾ’. ಹಿಂದಿಯಿಂದ ಅನುವಾದಿಸುವವರು ಇಲ್ಲಿ ಜಾರುತ್ತಾರೆ, ಏಕೆಂದರೆ ಹಿಂದಿಯ ‘ಅಧಿಕಾರ’ಕ್ಕೆ ಹಕ್ಕು ಎಂಬ ಅರ್ಥವೂ ಇದೆ. ಅವರ ‘ಮಾನವ ಅಧಿಕಾರ’ ನಮ್ಮ ಮಾನವ ಹಕ್ಕು. ಕನ್ನಡದ ‘ಅಧಿಕಾರ’ ಕುರ್ಚಿಯ ಮಾತು. ಪಿಂಚಣಿ ಪಡೆಯಲು ಅಜ್ಜಿ ‘ಎಂಟೈಟಲ್ಡ್’, ಅಂದರೆ ಹಕ್ಕುಳ್ಳವರು. ಅದನ್ನು ಮಂಜೂರು ಮಾಡಲು ಅಧಿಕಾರಿ ‘ಎಂಪವರ್ಡ್’, ಅಂದರೆ ಅಧಿಕಾರವುಳ್ಳವರು. ಯಂತ್ರಾನುವಾದದಲ್ಲಿ ಅಜ್ಜಿಗೆ ಅಧಿಕಾರವೂ ಅಧಿಕಾರಿಗೆ ಸಬಲೀಕರಣವೂ ಸಿಕ್ಕಿಬಿಡುವುದುಂಟು.

ಜಾಹೀರಾತಿನ ‘ಎಂಪವರ್’ಗೆ ಮಾತ್ರ ಸಮಾನ ಪದ ಹುಡುಕುವ ಶ್ರಮ ಬೇಡ. ‘ನಮ್ಮ ಆ್ಯಪ್ ರೈತರನ್ನು ಸಬಲಗೊಳಿಸುತ್ತದೆ’ ಎಂಬ ವಾಕ್ಯ ಬಂದರೆ ಕೇಳಬೇಕಾದ್ದು, ಆ ಆ್ಯಪ್ ಏನು ಮಾಡುತ್ತದೆ? ಎಪಿಎಂಸಿ ಧಾರಣೆ ತೋರಿಸುತ್ತದೆ ಎಂದಾದರೆ ‘ಮಾರುಕಟ್ಟೆಗೆ ಹೊರಡುವ ಮೊದಲೇ ರೈತರು ಧಾರಣೆ ನೋಡಬಹುದು’ ಎಂದು ಬರೆಯಿರಿ. ಹೇಳಲು ಏನೂ ಸಿಗದಿದ್ದರೆ ಮೂಲದಲ್ಲೂ ಏನೂ ಇರಲಿಲ್ಲ.

ನಿಜವಾಗಿ ತಲೆ ಕೆರೆದುಕೊಳ್ಳಬೇಕಾದದ್ದು ಎರಡೂ ಅರ್ಥ ಒಂದೇ ವಾಕ್ಯದಲ್ಲಿ ಕೂತಾಗ. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಪಾಲು ಸ್ಥಾನ ಕಾದಿರಿಸಿತು. ಕರ್ನಾಟಕ ಮುಂದೆ ಅದನ್ನು ಅರ್ಧಕ್ಕೆ ಏರಿಸಿತು. ‘ದಿ ಅಮೆಂಡ್‌ಮೆಂಟ್ ಎಂಪವರ್ಡ್ ರೂರಲ್ ವಿಮೆನ್’ ಎಂಬ ವಾಕ್ಯವನ್ನು ಕನ್ನಡಕ್ಕೆ ತರಬೇಕು. ಅಧ್ಯಕ್ಷೆಯ ಕುರ್ಚಿ, ಸಭೆ ಕರೆಯುವುದು, ನಡವಳಿ ಪುಸ್ತಕಕ್ಕೆ ಸಹಿ ಹಾಕುವುದು ಕಾನೂನು ಕೊಟ್ಟದ್ದು, ಅದು ಅಧಿಕಾರ. ಆದರೆ ಸಹಿ ಎಲ್ಲಿ ಹಾಕಬೇಕೆಂದು ಗಂಡ ಬೆರಳು ತೋರಿಸುತ್ತಿದ್ದರೆ ಅಧಿಕಾರ ಬಂದಿದೆ, ಬಲ ಬಂದಿಲ್ಲ. ಪಕ್ಕದ ಓಣಿಯಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ಹಿಡಿದು ಬ್ಯಾಂಕ್ ಮ್ಯಾನೇಜರನ್ನೇ ಪ್ರಶ್ನೆ ಕೇಳುವ ಹೆಂಗಸಿಗೆ ಯಾವ ಕುರ್ಚಿಯೂ ಇಲ್ಲ, ಬಲ ಇದೆ. ಹಾಗಾಗಿ ಮೂಲ ಲೇಖನದ ಮುಂದಿನ ಪ್ಯಾರಾ ಓದದೆ ಈ ವಾಕ್ಯಕ್ಕೆ ಕೈ ಹಚ್ಚಬಾರದು. ಅಲ್ಲಿ ಸ್ಥಾನಗಳ ಲೆಕ್ಕವಿದ್ದರೆ ‘ತಿದ್ದುಪಡಿಯಿಂದ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಅಧಿಕಾರ ಬಂತು’. ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದವರ ಕಥೆಯಿದ್ದರೆ ‘ಹಳ್ಳಿಯ ಹೆಣ್ಣುಮಕ್ಕಳಿಗೆ ಬಲ ಬಂತು’. ಎರಡೂ ಇದ್ದರೆ ಎರಡು ವಾಕ್ಯ ಬರೆಯಿರಿ.